ಪಹಣಿ ತಿದ್ದುವ ಕೈ

ಕಂಪ್ಯೂಟರ್ ಪಹಣಿಯ ಮಾತು ಬಂದರೆ ಎಲ್ಲರೂ ಮದ್ದೂರಿನ ಹೆಸರು ಹೇಳುತ್ತಾರೆ. ಭೂಮಿ ಯೋಜನೆಯ ಕೆಲಸ ಮೊದಲು ಕುದುರಿದ್ದು ಅಲ್ಲಿಯೇ, ನಿಜ. ಆದರೆ ಕರ್ನಾಟಕದಲ್ಲಿ ಹೊಲದ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಪ್ರಯೋಗ ಅದಕ್ಕೂ ಮೊದಲು, 1991ರಲ್ಲಿ, ಆಗ ಗುಲಬರ್ಗಾ ಎನ್ನುತ್ತಿದ್ದ ನಮ್ಮ ಜಿಲ್ಲೆಯಲ್ಲಿ ನಡೆದಿತ್ತು. ಆಳಂದದ ತಹಸೀಲ್ ಕಚೇರಿ ಹತ್ತಿರ ದಸ್ತಾವೇಜು ಬರೆಯುವ ಕಚೇರಿ ನನ್ನದು. ಅಫಜಲಪುರ, ಜೇವರ್ಗಿ ಕಡೆಯ ಕಾಗದಪತ್ರವೂ ನಮ್ಮಲ್ಲಿಗೆ ಬರುತ್ತದೆ. ಕಚೇರಿಯ ಸರ್ವರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಬೇಕೋ ಬೇಡವೋ ಎಂದು ಯೋಚಿಸುವಾಗ ಆ 1991 ನೆನಪಾಗದೆ ಇರುವುದಿಲ್ಲ.

ಆ ಪ್ರಯೋಗ ಯಾಕೆ ಬೇರೂರಲಿಲ್ಲ? 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಯೋಜನೆ ಮಂಜೂರಾಯಿತು. ಆದರೆ ತಾಲೂಕು ಕಚೇರಿಗೆ ಕಂಪ್ಯೂಟರ್ ಕೊಡುವ ಏರ್ಪಾಡು ಅದರಲ್ಲಿ ಇರಲಿಲ್ಲ. ಪಹಣಿ ಬದಲಾಗುವುದೋ ತಾಲೂಕಿನಲ್ಲಿ. ಅಪ್ಪ ತೀರಿದರೆ ಪೌತಿ ಖಾತೆ, ಅಣ್ಣತಮ್ಮಂದಿರು ಬೇರೆಯಾದರೆ ವಾಟ್ನಿ, ಸಾಲ ತೆಗೆದರೆ ಬ್ಯಾಂಕಿನ ಬೋಜಾ. ಇವೆಲ್ಲ ಕೈಬರಹದ ಪುಸ್ತಕದಲ್ಲಿ ಏರುತ್ತಲೇ ಇದ್ದವು, ಕಂಪ್ಯೂಟರಿನಲ್ಲಿದ್ದದ್ದು ಹಳತಾಗುತ್ತ ಹೋಯಿತು. ತಿದ್ದುವ ಕೈ ಒಂದು ಕಡೆ, ಯಂತ್ರ ಇನ್ನೊಂದು ಕಡೆ ಇದ್ದರೆ ದಾಖಲೆ ಬದುಕುವುದಿಲ್ಲ. ನಮ್ಮ ಜಿಲ್ಲೆಯ ಈ ಪಾಠವನ್ನು ಭೂಮಿಯ ಕಥೆ ಹೇಳುವವರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅದೇ ಮುಖ್ಯ ಅನಿಸುತ್ತದೆ.

ದಾಖಲೆಯ ರೂಪ ಬದಲಾಗುವುದು ಈ ಸೀಮೆಗೆ ಹೊಸದಲ್ಲ. 1948ರ ಸೆಪ್ಟೆಂಬರ್‌ವರೆಗೆ ಇಲ್ಲಿ ನಿಜಾಮರ ಆಡಳಿತ, ಕಚೇರಿ ಭಾಷೆ ಉರ್ದು. ಹೈದರಾಬಾದ್ ರಾಜ್ಯ ಇದ್ದಾಗಲೇ ತಯಾರಾದ 1954–55ರ ಖಾಸ್ರಾ ಪಹಣಿಯನ್ನು ಹೊಲದ ದಾವೆಗಳಲ್ಲಿ ವಕೀಲರು ಇಂದಿಗೂ ಕೇಳುತ್ತಾರೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಹೋಗಿ, ಸರ್ಕಾರಿ ಗ್ರಾಮ ಲೆಕ್ಕಿಗರು ಬಂದರು. ಭಾಷೆ ಬದಲಾಯಿತು, ಬರೆಯುವವರು ಬದಲಾದರು. ಆದರೂ ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಹುಡುಕಿಕೊಂಡರೆ ಹಳೇ ಕಾಗದ ಈಗಲೂ ಮಾತಾಡುತ್ತದೆ.

ಮತ್ತೆ ಕಂಪ್ಯೂಟರಿನ ಕಾಲಕ್ಕೆ ಬಂದರೆ, ಭೂಮಿ ಯೋಜನೆ ಎಚ್ಚರದಿಂದ ನಡೆಯಿತು. ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಏರಿಸಿದ್ದನ್ನು ಅಚ್ಚು ತೆಗೆದು ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು, ಮೂಲ ಪುಸ್ತಕದ ಜೊತೆ ತಾಳೆ ನೋಡಿಸಿದರು. ಆಮೇಲೆಯೇ ಒಂದೊಂದು ತಾಲೂಕಿನಲ್ಲಿ ಕೈಬರಹದ ಪಹಣಿಯನ್ನು ರದ್ದು ಮಾಡಿದ್ದು. ಈ ಸಲ ಯಂತ್ರ ತಾಲೂಕು ಕಚೇರಿಯಲ್ಲೇ ಇತ್ತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಕಿಟಕಿಯಲ್ಲಿ ರೈತನ ಕಡೆ ಮುಖ ಮಾಡಿದ ಇನ್ನೊಂದು ಪರದೆ. 9ನೇ ಕಾಲಂನಲ್ಲಿ ತನ್ನ ಹೆಸರು ಸರಿಯಿದೆಯೋ ಇಲ್ಲವೋ ಎಂದು ಅವನು ಅಲ್ಲೇ ನೋಡಬಹುದಿತ್ತು. ಆ ಎರಡನೇ ಪರದೆಗೆ ನಾನು ಬಹಳ ಬೆಲೆ ಕೊಡುತ್ತೇನೆ. ಈಗ ದತ್ತಾಂಶವೆಲ್ಲ ಬೆಂಗಳೂರಿನ ಕೇಂದ್ರದಲ್ಲಿದೆ, ಆದರೂ ತಿದ್ದುವುದು ತಾಲೂಕಿನಿಂದಲೇ, ಜಾಲದ ಮೂಲಕ.

ಇನ್ನು ನಮ್ಮ ಕಚೇರಿಯ ಮಾತು: ನಮ್ಮ ಸರ್ವರಿನಲ್ಲಿರುವುದು ವಿಂಡೋಸ್ ಸರ್ವರ್ 2012 ಆರ್2. 2023ರ ಅಕ್ಟೋಬರ್ 10ಕ್ಕೆ ಅದರ ಬೆಂಬಲ ಮುಗಿಯಿತು. ಹಣ ಕಟ್ಟಿದವರಿಗೆ ಬಿಟ್ಟರೆ ಭದ್ರತೆಯ ತೇಪೆ ಬರುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಇಂಥ ತೇಪೆ ಹಾಕದ ಯಂತ್ರಗಳಿಂದಲೇ. ಹಾಗಾಗಿ ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನನ್ನು ತಡೆದದ್ದು ಹಳೇ ಕಡತಗಳು. ಅವನ್ನು ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೇವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ ಕಾಣುತ್ತದೆ. ಯುನಿಕೋಡಿಗೆ ಪರಿವರ್ತಿಸಿದರೂ ಅರ್ಕಾವತ್ತು ಜಾಗ ತಪ್ಪಬಹುದು. ‘ಜೇವರ್ಗಿ’, ‘ಕುಲಕರ್ಣಿ’ ಎಂಬ ಮಾತುಗಳನ್ನೇ ಮೊದಲು ನೋಡಬೇಕು. ಹಳೇ ನುಡಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು.

“ಅಕ್ಕಾರ, ನಮ್ಮಪ್ಪನ ವಾಟ್ನಿ ಕಾಗದ ನಿಮ್ಮ ಬಲ್ಲಿ ಅದ ಏನ್ರಿ?” ಎಂದು ಕೇಳಿಕೊಂಡು ಬರುವವರಿಗೆ ಅದು ಬರೀ ಕಡತವಲ್ಲ, ಹೊಲ.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ಹೊಸ ಆಪರೇಟಿಂಗ್ ಸಿಸ್ಟಂ ಬೇರೆ ಯಂತ್ರದ ಮೇಲೆ ಬರಲಿ. ಹಳೇ ಸರ್ವರನ್ನು ಇಂಟರ್ನೆಟ್ಟಿನಿಂದ ಬಿಡಿಸಿ, ಅಳಿಸದೆ ಇಡುತ್ತೇವೆ. ಪರಿವರ್ತಿಸಿದ ಪ್ರತಿ ಕಾಗದವನ್ನೂ ಅಚ್ಚು ತೆಗೆದು, ಸಹಿಯಾದ ಪ್ರತಿಯ ಜೊತೆ ಹೆಸರು, ಸರ್ವೆ ನಂಬರ್, ಎಕರೆ-ಗುಂಟೆ ತಾಳೆ ನೋಡುವ ಕೆಲಸ ಮೊದಲು ಅದನ್ನು ಟೈಪ್ ಮಾಡಿದವರದ್ದೇ. ಆ ತಾಳೆ ಮುಗಿಯುವವರೆಗೆ ನುಡಿಯ ಮೂಲ ಕಡತಗಳಿಗೆ ಯಾರೂ ಕೈ ಹಚ್ಚುವಂತಿಲ್ಲ.