ಮೊದಲ ಉಸಿರಿಗೂ ಮುನ್ನ

ಗರ್ಭಿಣಿಯ ಧೂಮಪಾನಕ್ಕೂ ಮಗುವಿನ ಉಬ್ಬಸಕ್ಕೂ ಇರುವ ನಂಟನ್ನು ವೈದ್ಯರಾದ ನಾವು ಅರಿತದ್ದು ತಡವಾಗಿಯೇ. 1957ರಲ್ಲಿ ಕ್ಯಾಲಿಫೋರ್ನಿಯಾದ ಸಿಂಪ್ಸನ್ ಅವರು, ಸಿಗರೇಟು ಸೇದುವ ತಾಯಂದಿರಲ್ಲಿ ಕಡಿಮೆ ತೂಕದ ಶಿಶುಗಳ ಜನನ ಹೆಚ್ಚೆಂದು ತೋರಿಸಿದರು. ಅಮೆರಿಕದ ಸಿಗರೇಟು ಪೊಟ್ಟಣಗಳ ಮೇಲೆ ಗರ್ಭಿಣಿಯರಿಗೆ ಎಚ್ಚರಿಕೆ ಮುದ್ರಿತವಾದದ್ದು 1985ರಲ್ಲಿ.

ಶ್ವಾಸಕೋಶದ ಕಥೆ ಇನ್ನೂ ನಿಧಾನವಾಗಿ ಬೆಳಕಿಗೆ ಬಂದಿತು. 1980ರಲ್ಲಿ ಅರಿಜೋನಾದ ಟೂಸಾನ್ ನಗರದಲ್ಲಿ ಆರಂಭವಾದ ಅಧ್ಯಯನವು 1246 ನವಜಾತ ಶಿಶುಗಳನ್ನು ಆಯ್ದುಕೊಂಡು ವರ್ಷಗಟ್ಟಲೆ ಗಮನಿಸಿತು. ಎಳವೆಯಲ್ಲಿ ಮಾತ್ರ ಉಬ್ಬಸಪಟ್ಟು ಮುಂದೆ ಚೇತರಿಸಿಕೊಂಡ ಮಕ್ಕಳ ಶ್ವಾಸಶಕ್ತಿ, ಮೊದಲ ಕಾಯಿಲೆಗೂ ಮುನ್ನವೇ ಕುಗ್ಗಿದ್ದಿತು. ಅವರ ತಾಯಂದಿರಲ್ಲಿ ಧೂಮಪಾನಿಗಳು ಹೆಚ್ಚಾಗಿದ್ದರು. ಇದು 1995ರಲ್ಲಿ ಪ್ರಕಟವಾಯಿತು.

ನಿಕೋಟಿನ್ ಮಾಸುವನ್ನು ದಾಟಿ ಭ್ರೂಣವನ್ನು ಸೇರುತ್ತದೆ. ಎಲೆ ಅಡಿಕೆಯೊಡನೆ ಮೆಲ್ಲುವ ಹೊಗೆಸೊಪ್ಪಿನದೂ ಅದೇ ದಾರಿ. ಆದುದರಿಂದ ತೊಟ್ಟಿಲು ಕಟ್ಟುವವರೆಗೆ ಕಾಯದೆ, ಬಸಿರಿನ ಸುದ್ದಿ ಬಂದ ದಿನವೇ ತಂಬಾಕನ್ನು ಮನೆಯಿಂದ ಹೊರಗಿಡುವುದು ನಮ್ಮೆಲ್ಲರ ಕರ್ತವ್ಯ.