20 ವರ್ಷಕ್ಕೆ ಅಂತ ಬಂದ ರೈಲು 35 ವರ್ಷ ಓಡಿದ್ದು ಯಾಕೆ? ಬ್ರಿಟನ್ನಿನ ಪೇಸರ್ ಕಥೆ

ಪುಣೆ, ಚೆನ್ನೈ, ಹೈದರಾಬಾದ್, ಮುಂಬೈ, ದೆಹಲಿ, ನೀವು ಎಲ್ಲೇ ಇರಿ, ವಿಡಿಯೋ ಪೂರ್ತಿ ನೋಡೋಕೆ ಆಗದವರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ.

ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆಲ್ಲ ಒಂದು ವಿಷಯ ಚೆನ್ನಾಗಿ ಗೊತ್ತು. "ಸದ್ಯಕ್ಕೆ ಇದು ಇರಲಿ, ಆಮೇಲೆ ಸರಿಯಾಗಿ ಮಾಡೋಣ" ಅಂತ ಹಾಕಿದ ಕೋಡ್ ಹತ್ತು ವರ್ಷ ಆದ್ರೂ ಅಲ್ಲೇ ಇರುತ್ತೆ. ಬರೆದವರು ಕಂಪನಿ ಬಿಟ್ಟು ಹೋಗಿರ್ತಾರೆ, ಕೋಡ್ ಮಾತ್ರ ಹೋಗಿರಲ್ಲ. ಬ್ರಿಟನ್ನಿನ ರೈಲ್ವೆಯಲ್ಲಿ ಹೀಗೇ ಉಳಿದುಕೊಂಡ ಒಂದು ರೈಲಿನ ಹೆಸರು ಪೇಸರ್.

ಬಸ್ಸಿಗೆ ರೈಲಿನ ಗಾಲಿ

1980ರ ದಶಕದ ಆರಂಭದಲ್ಲಿ ಸರ್ಕಾರಿ ಸಂಸ್ಥೆ ಬ್ರಿಟಿಷ್ ರೈಲ್ ಕೈಯಲ್ಲಿ ದುಡ್ಡಿರಲಿಲ್ಲ. ಸಣ್ಣ ಊರುಗಳ ಮಾರ್ಗಗಳಲ್ಲಿ ಓಡುತ್ತಿದ್ದ ಡೀಸೆಲ್ ರೈಲುಗಳು 1950ರ ದಶಕದವು. 1983ರ ಜನವರಿಯಲ್ಲಿ ಸರ್ಪೆಲ್ ವರದಿ ಬಂತು. ಆಗ ಸುಮಾರು 10,370 ಮೈಲಿ ಇದ್ದ ರೈಲು ಜಾಲವನ್ನು 1,630 ಮೈಲಿಗೆ ಇಳಿಸಬಹುದು ಅನ್ನೋದೂ ಅದರಲ್ಲಿದ್ದ ಆಯ್ಕೆಗಳಲ್ಲಿ ಒಂದು. ಅದು ಜಾರಿಗೆ ಬರಲಿಲ್ಲ, ನಿಜ. ಆದ್ರೆ ಅಂಥ ಕಾಲದಲ್ಲಿ ಸಣ್ಣ ಮಾರ್ಗಕ್ಕೆ ಒಳ್ಳೆ ರೈಲು ಬೇಕು ಅಂತ ಕೇಳೋ ಧೈರ್ಯ ಯಾರಿಗಿತ್ತು?

ಅಗ್ಗದ ದಾರಿ ಆಗಲೇ ಸಿದ್ಧವಾಗುತ್ತಿತ್ತು. ಬ್ರಿಟಿಷ್ ರೈಲ್ ಮತ್ತು ಬಸ್ ತಯಾರಕ ಲೇಲ್ಯಾಂಡ್ ಸೇರಿ 1978ರಲ್ಲೇ ಒಂದು ಪ್ರಯೋಗದ ವಾಹನ ಮಾಡಿದ್ದರು. ಮೇಲೆ ಲೇಲ್ಯಾಂಡ್ ನ್ಯಾಷನಲ್ ಸಿಟಿ ಬಸ್ಸಿನ ಬಾಡಿ, ಕೆಳಗೆ ಗೂಡ್ಸ್ ವ್ಯಾಗನ್ ಮಾದರಿಯ ಅಡಿಪಟ್ಟಿ. ಅದರಿಂದ ಬೆಳೆದು ಬಂದದ್ದೇ ಪೇಸರ್. 1985ರಿಂದ 1987ರ ಒಳಗೆ ಬಂದ 'ಕ್ಲಾಸ್ 142' ಒಂದರಲ್ಲೇ ಎರಡೆರಡು ಬೋಗಿಯ 96 ರೈಲುಗಳಿದ್ದವು. ಅಂದಾಜು ಆಯಸ್ಸು 20 ವರ್ಷ.

ಶಿವಮೊಗ್ಗ–ತಾಳಗುಪ್ಪ ಮಾರ್ಗದ ಹಳೇ ರೈಲ್‌ಬಸ್ ನೆನಪಿರೋರಿಗೆ ಇದರ ಕಲ್ಪನೆ ಸುಲಭ. ಮಾಮೂಲಿ ಬೋಗಿಯ ಕೆಳಗೆ ಎರಡೂ ತುದಿಗೆ ನಾಲ್ಕು ನಾಲ್ಕು ಗಾಲಿಯ ಚೌಕಟ್ಟು ಇರುತ್ತೆ, ತಿರುವು ಬಂದಾಗ ಅದು ತಾನೇ ತಿರುಗುತ್ತೆ. ಪೇಸರ್‌ಗೆ ಅದಿಲ್ಲ. ಇಡೀ ಬೋಗಿಗೆ ಎರಡೇ ಅಚ್ಚು, ನಾಲ್ಕೇ ಗಾಲಿ. ಹಳಿಯ ಜೋಡಣೆ ಬಂದಲ್ಲೆಲ್ಲ ಕುಲುಕಾಟ, ತಿರುವಲ್ಲಿ ಕಿವಿ ಚುಚ್ಚೋ ಕೀರಲು ಸದ್ದು. ಜನ ಇಟ್ಟ ಅಡ್ಡಹೆಸರು 'ತಲೆದೂಗುವ ಕತ್ತೆ'.

ಅಣ್ಣನ ಅಂಗಿ ತಮ್ಮನಿಗೆ

ಮೊದಲು ಕೆಲವು ಪೇಸರ್‌ಗಳನ್ನು ದಕ್ಷಿಣದ ಡೆವನ್, ಕಾರ್ನ್‌ವಾಲ್ ಕಡೆಗೂ ಕಳಿಸಿದ್ದರು. ಹಳೇ ಕಾಲದ ಚಾಕಲೇಟ್ ಮತ್ತು ಕೆನೆ ಬಣ್ಣ ಬಳಿದು, 'ಸ್ಕಿಪ್ಪರ್' ಅಂತ ಹೆಸರಿಟ್ಟರು. ಕಾರ್ನ್‌ವಾಲ್‌ನ ಕವಲು ಮಾರ್ಗಗಳಲ್ಲಿ ತಿರುವು ಜಾಸ್ತಿ. ಗಾಲಿ ಸವೆದವು, ಹಳಿ ಸವೆಯಿತು. ಒಂದೆರಡು ವರ್ಷದಲ್ಲೇ ಅವು ಉತ್ತರ ಇಂಗ್ಲೆಂಡಿಗೆ ವರ್ಗವಾದವು. ಒಂದು ಕಡೆ ಹೊಂದಲಿಲ್ಲ ಅಂದ್ರೆ ಉತ್ತರಕ್ಕೆ ಕಳಿಸು ಅನ್ನೋ ಪದ್ಧತಿಯನ್ನ ಈ ಕಥೆಯಲ್ಲಿ ಮತ್ತೆ ಮತ್ತೆ ನೋಡ್ತೀರಿ.

ರೈಲ್ವೆ ಭಾಷೆಯಲ್ಲಿ ಇದಕ್ಕೆ 'ಕ್ಯಾಸ್ಕೇಡ್' ಅಂತಾರೆ. ನಮ್ಮ ಮನೆಗಳಲ್ಲಿ ಅಣ್ಣನಿಗೆ ಹೊಸ ಅಂಗಿ ಬಂದಾಗ ಹಳೇದು ತಮ್ಮನಿಗೆ ಬರ್ತಿತ್ತಲ್ಲ, ಅದೇ. ಅದು ತಪ್ಪು ಅಂತ ನಾನು ಹೇಳಲ್ಲ. ರೈಲಿನ ಬಾಡಿ ಗಟ್ಟಿ ಇದ್ದರೆ ಎಂಜಿನ್ ಬದಲಿಸಿ, ಸೀಟು ಬದಲಿಸಿ ಇನ್ನೂ 15 ವರ್ಷ ಓಡಿಸಬಹುದು. ಪೇಸರ್‌ಗೂ 1990ರ ದಶಕದ ಆರಂಭದಲ್ಲಿ ಕಮ್ಮಿನ್ಸ್ ಎಂಜಿನ್, ವಾಯ್ತ್ ಗೇರ್ ವ್ಯವಸ್ಥೆ ಕೂರಿಸಿದರು. ಆದ್ರೆ ಎಂಜಿನ್ ಬದಲಾಯಿಸಿದ ಮಾತ್ರಕ್ಕೆ ಎರಡು ಅಚ್ಚು ನಾಲ್ಕಾಗಲ್ಲ.

ಒಳ್ಳೆ ಮರುಬಳಕೆಯ ಉದಾಹರಣೆಯೂ ಅದೇ ಕಾಲದಲ್ಲಿದೆ. ಲೇಲ್ಯಾಂಡ್ ಕಟ್ಟಿದ ಎರಡು ಬೋಗಿಯ 'ಕ್ಲಾಸ್ 155' ರೈಲುಗಳಲ್ಲಿ 35ನ್ನು 1991–92ರಲ್ಲಿ ಸ್ಕಾಟ್ಲೆಂಡಿನ ಕಿಲ್ಮಾರ್ನಕ್‌ನಲ್ಲಿ ಬಿಡಿಸಿ, ಪ್ರತಿ ಬೋಗಿಯ ಇನ್ನೊಂದು ತುದಿಗೂ ಚಾಲಕನ ಕ್ಯಾಬಿನ್ ಕಟ್ಟಿ, 70 ಒಂಟಿ ಬೋಗಿಯ ರೈಲು ಮಾಡಿದರು. ಅದೇ 'ಕ್ಲಾಸ್ 153'. ಅವುಗಳಲ್ಲಿ ಐದನ್ನ ಮತ್ತೆ ನವೀಕರಿಸಿ, ಸೈಕಲ್ ನಿಲ್ಲಿಸೋ ಜಾಗ ಮಾಡಿ, 2021ರಲ್ಲಿ ಗ್ಲಾಸ್ಗೋ–ಓಬನ್ ಮಾರ್ಗದ ರೈಲುಗಳಿಗೆ ಜೋಡಿಸತೊಡಗಿದರು. ಅಡಿಪಾಯ ಸರಿ ಇದ್ರೆ ರೀಫ್ಯಾಕ್ಟರ್ ಮಾಡಬಹುದು.

ಲೆಕ್ಕ ಸರಿ, ಸೀಟು ಗಟ್ಟಿ

1990ರ ದಶಕದ ಮಧ್ಯದಲ್ಲಿ ಬ್ರಿಟಿಷ್ ರೈಲನ್ನು ಖಾಸಗಿಗೆ ಕೊಟ್ಟರು. ಬೋಗಿಗಳೆಲ್ಲ ಮೂರು ಲೀಸಿಂಗ್ ಕಂಪನಿಗಳ ಪಾಲಾದವು: ಏಂಜೆಲ್, ಎವರ್‌ಷೋಲ್ಟ್, ಪೋರ್ಟರ್‌ಬ್ರೂಕ್. ರೈಲು ಓಡಿಸೋ ಕಂಪನಿ ಅವುಗಳಿಗೆ ಬಾಡಿಗೆ ಕಟ್ಟಬೇಕು. ಈ ವ್ಯವಹಾರದ ಬೆಲೆ ನೋಡಿ: ಸುಮಾರು 52.7 ಕೋಟಿ ಪೌಂಡಿಗೆ ಮಾರಾಟವಾದ ಪೋರ್ಟರ್‌ಬ್ರೂಕನ್ನು ಕೆಲವೇ ತಿಂಗಳಲ್ಲಿ, 1996ರಲ್ಲೇ, ಸ್ಟೇಜ್‌ಕೋಚ್ ಸುಮಾರು 82.5 ಕೋಟಿ ಪೌಂಡ್ ಕೊಟ್ಟು ಕೊಂಡಿತು.

ಟಿಕೆಟ್ ಆದಾಯ ಕಮ್ಮಿ ಇರೋ ಮಾರ್ಗಕ್ಕೆ ಹೊಸ ರೈಲಿನ ಬಾಡಿಗೆ ದುಬಾರಿ, ಹಳೇದರದ್ದು ಅಗ್ಗ. ಹಾಗಾಗಿ ಪ್ರತಿ ಸಲ ಗುತ್ತಿಗೆ ಬರೆಯುವಾಗಲೂ ಪೇಸರೇ ಗೆದ್ದಿತು. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಪ್ರತಿ ಸಲವೂ ಎಕ್ಸೆಲ್ ಶೀಟ್ ಸರಿಯಾಗೇ ಇತ್ತು. ಮ್ಯಾಂಚೆಸ್ಟರ್, ಲೀಡ್ಸ್ ಸುತ್ತ ದಿನಾ ನಿಂತು ಕೆಲಸಕ್ಕೆ ಹೋಗೋರ ಸೊಂಟನೋವಿಗೆ ಅದರಲ್ಲಿ ಕಾಲಂ ಇರಲಿಲ್ಲ, ಅಷ್ಟೇ.

2015ರ ಫೆಬ್ರವರಿಯಲ್ಲಿ ಅಪರೂಪದ ಒಂದು ಪತ್ರ ವ್ಯವಹಾರ ನಡೆಯಿತು. ಉತ್ತರದ ರೈಲು ಗುತ್ತಿಗೆಯಲ್ಲಿ ಪೇಸರ್ ತೆಗೆಯಲೇಬೇಕು, ಕನಿಷ್ಠ 120 ಹೊಸ ಬೋಗಿ ತರಲೇಬೇಕು ಅನ್ನೋ ಷರತ್ತು ಹಾಕಲು ಸಾರಿಗೆ ಮಂತ್ರಿ ಪ್ಯಾಟ್ರಿಕ್ ಮೆಕ್‌ಲಾಫ್ಲಿನ್ ಹೊರಟಿದ್ದರು. ಇಲಾಖೆಯ ಅತ್ಯುನ್ನತ ಅಧಿಕಾರಿ ಫಿಲಿಪ್ ರಟ್ನಮ್, ಮಾಮೂಲಿ ಲೆಕ್ಕದ ಪ್ರಕಾರ ಇದು ಕೊಟ್ಟ ದುಡ್ಡಿಗೆ ತಕ್ಕ ಲಾಭ ತರಲ್ಲ ಅಂದರು. ಹೀಗಾದಾಗ ಮಂತ್ರಿ ಲಿಖಿತ ಆದೇಶ ಕೊಡಬೇಕು, ಹೊಣೆಯನ್ನ ತಾನೇ ಹೊರಬೇಕು. ಮೆಕ್‌ಲಾಫ್ಲಿನ್ ಕೊಟ್ಟರು. ಮೇ ತಿಂಗಳಲ್ಲಿ ಚುನಾವಣೆ ಇತ್ತು ಅನ್ನೋದನ್ನೂ ಮರೆಯಬೇಡಿ. ಆದರೂ ಒಂದು ಮಾತು ನಿಜ: ಆ ರೈಲನ್ನು ಎಕ್ಸೆಲ್ ಶೀಟ್ ಯಾವತ್ತೂ ತೆಗೆಯುತ್ತಿರಲಿಲ್ಲ, ಯಾರೋ ಒಬ್ಬರು ಸಹಿ ಹಾಕಬೇಕಿತ್ತು.

ಎರಡನೇ ಒತ್ತಡ ಕಾನೂನಿಂದ ಬಂತು. 2020ರ ಜನವರಿ 1ರೊಳಗೆ ಎಲ್ಲ ಪ್ರಯಾಣಿಕ ರೈಲುಗಳೂ ಅಂಗವಿಕಲರು ಬಳಸುವಂತಿರಬೇಕು ಅನ್ನೋ ಗಡುವು ಇತ್ತು. ಪೋರ್ಟರ್‌ಬ್ರೂಕ್ ಒಂದು 'ಕ್ಲಾಸ್ 144' ಪೇಸರ್ ತೆಗೆದುಕೊಂಡು, ವೀಲ್‌ಚೇರ್ ಜಾಗ, ದೊಡ್ಡ ಶೌಚಾಲಯ, ಹೊಸ ಸೀಟು ಹಾಕಿ 2015ರಲ್ಲಿ ತೋರಿಸಿತು. ಆ ಮಾದರಿ ಒಂದಕ್ಕೇ ನಿಂತಿತು. ದೊಡ್ಡ ಶೌಚಾಲಯ ಬಂದಷ್ಟೂ ಸೀಟು ಕಮ್ಮಿ, ಕುಲುಕಾಟ ಮಾತ್ರ ಹಾಗೇ.

ಒಂದು ತಂತಿ ತಡವಾದರೆ

ಸರಿ, ತೆಗೆದ ಪೇಸರ್ ಜಾಗಕ್ಕೆ ಏನು ಬರಬೇಕು? ಇಲ್ಲಿ ಡಿಪೆಂಡೆನ್ಸಿ ಚೈನ್ ನೋಡಿ. ಲಂಡನ್ನಿನಿಂದ ಪಶ್ಚಿಮಕ್ಕೆ ವಿದ್ಯುತ್ ತಂತಿ ಬಂದರೆ ಥೇಮ್ಸ್ ಕಣಿವೆಯ ಡೀಸೆಲ್ ರೈಲು ಬ್ರಿಸ್ಟಲ್‌ಗೆ. ಬ್ರಿಸ್ಟಲ್‌ನ 1980ರ ದಶಕದ ಸ್ಪ್ರಿಂಟರ್ ರೈಲು ಎಕ್ಸೆಟರ್‌ಗೆ. ಎಕ್ಸೆಟರ್‌ನ ಪೇಸರ್ ಗುಜರಿಗೆ. ತಂತಿಯ ಕೆಲಸ ತಡವಾದರೆ ಇಡೀ ಸಾಲು ನಿಲ್ಲುತ್ತೆ. ತಡವೂ ಆಯಿತು, ಖರ್ಚೂ ಏರಿತು. 2016ರ ನವೆಂಬರ್‌ನಲ್ಲಿ ಬ್ರಿಸ್ಟಲ್, ಆಕ್ಸ್‌ಫರ್ಡ್ ಭಾಗದ ಕೆಲಸವನ್ನೇ ಮುಂದೂಡಿದರು. ಉತ್ತರದಲ್ಲೂ ಮ್ಯಾಂಚೆಸ್ಟರ್–ಬೋಲ್ಟನ್ ಮಾರ್ಗದ ವಿದ್ಯುದೀಕರಣ ತಡವಾಗಿ, 2018ರ ಮೇ ತಿಂಗಳ ಹೊಸ ವೇಳಾಪಟ್ಟಿ ಕುಸಿದುಬಿತ್ತು.

ಕೊನೆಗೂ ಹೊಸ ರೈಲು ಬಂದವು. ಸ್ಪೇನಿನ ಸಿಎಎಫ್ ಕಂಪನಿಯ 280ಕ್ಕೂ ಹೆಚ್ಚು ಬೋಗಿಗಳು 2019ರ ಜುಲೈನಿಂದ ಓಡತೊಡಗಿದವು. ಕೆಲವು ಪೇಸರ್‌ಗಳು ಗಡುವಿನಿಂದ ತಾತ್ಕಾಲಿಕ ವಿನಾಯಿತಿ ಪಡೆದು ಇನ್ನಷ್ಟು ದಿನ ಓಡಿದವು. ಉತ್ತರದಲ್ಲಿ ಕೊನೆಯದು 2020ರ ನವೆಂಬರ್ 27ರಂದು, ವೇಲ್ಸ್‌ನಲ್ಲಿ 2021ರ ಮೇ ತಿಂಗಳಲ್ಲಿ ನಿಂತಿತು. ಕೆಲವನ್ನು ಸ್ಪರ್ಧೆ ನಡೆಸಿ ದಾನ ಕೊಟ್ಟರು. ಬ್ರಾಡ್‌ಫರ್ಡ್‌ನ ಒಂದು ಪ್ರಾಥಮಿಕ ಶಾಲೆಯೂ ಏರ್‌ಡೇಲ್ ಆಸ್ಪತ್ರೆಯೂ ಗೆದ್ದವರಲ್ಲಿ ಇದ್ದವು.

ಪೇಸರ್ ಪರವಾಗಿಯೂ ಒಂದು ಮಾತು ಹೇಳಬೇಕು. ಅಷ್ಟು ಅಗ್ಗದ ರೈಲು ಇರದಿದ್ದರೆ ಎಷ್ಟೋ ಸಣ್ಣ ಮಾರ್ಗ ಮುಚ್ಚಿಹೋಗುತ್ತಿತ್ತು ಅಂತ ವಾದಿಸೋರಿದ್ದಾರೆ, ಅದನ್ನ ತಳ್ಳಿಹಾಕಲಾಗಲ್ಲ. ನನ್ನ ತಕರಾರು 1985ರ ನಿರ್ಧಾರದ ಬಗ್ಗೆ ಅಲ್ಲ. ಆಯಸ್ಸು ಮುಗಿದ ಮೇಲೆ ಯಾರೂ ಅದನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಲಿಲ್ಲವಲ್ಲ, ಅದರ ಬಗ್ಗೆ.

ಈ ಕಥೆ ಪೇಸರ್ ಜೊತೆಗೆ ಮುಗಿಯಲೂ ಇಲ್ಲ. ಲಂಡನ್ ಮೆಟ್ರೋದ ಹಳೇ ಡಿಸ್ಟ್ರಿಕ್ಟ್ ಲೈನ್ ಬೋಗಿಗಳಿಗೆ ಫೋರ್ಡ್ ಡೀಸೆಲ್ ಎಂಜಿನ್ ಕೂರಿಸಿ, 2019ರಲ್ಲಿ ಬೆಡ್‌ಫರ್ಡ್–ಬ್ಲೆಚ್ಲಿ ನಡುವೆ ಓಡಿಸಿದ ವಿವಾರೈಲ್ ಅನ್ನೋ ಸಣ್ಣ ಕಂಪನಿ 2022ರ ಕೊನೆಗೆ ದಿವಾಳಿಯಾಯಿತು. ನಿರ್ವಹಣೆಗೆ ಯಾರೂ ಇಲ್ಲದೆ ಆ ಮಾರ್ಗದಲ್ಲಿ ಸುಮಾರು ಒಂದು ವರ್ಷ ರೈಲೇ ಓಡಲಿಲ್ಲ, ಜನ ಬಸ್ಸಿನಲ್ಲಿ ಓಡಾಡಿದರು. 2023ರ ನವೆಂಬರ್‌ನಲ್ಲಿ ಅಲ್ಲಿಗೆ ಬಂದದ್ದು ಯಾವುದು ಅಂದ್ಕೊಂಡ್ರಿ? 1980ರ ದಶಕದ ಸ್ಪ್ರಿಂಟರ್.

ನಿಮ್ಮ ಆಫೀಸಿನಲ್ಲಿ "ಸದ್ಯಕ್ಕೆ" ಅಂತ ಬಂದು ಹೋಗದೇ ಉಳಿದಿರೋ ಸಿಸ್ಟಮ್ ಯಾವುದು? ಅದನ್ನ ಯಾವಾಗ ತೆಗೀಬೇಕು ಅಂತ ಎಲ್ಲಾದರೂ ಬರೆದಿದ್ದಾರಾ? ಕಾಮೆಂಟಿನಲ್ಲಿ ಹೇಳಿ.