ಸಂತ ಇಸಿದೋರ್ ಮತ್ತು ಒಕ್ಕಲಿಗ ಮುದ್ದಣ್ಣ

ಸ್ಪೇನಿನ ಮ್ಯಾಡ್ರಿಡ್‌ನ ಇಸಿದೋರ್ (ಸು. 1070–1130) ಪರರ ಹೊಲದಲ್ಲಿ ದುಡಿದ ಆಳು. ಪ್ರಾರ್ಥನೆ ಮುಗಿಸಿ ತಡವಾಗಿ ಬರುತ್ತಾರೆಂದು ಜೊತೆಯವರು ದೂರಿದರು. ಧಣಿ ಬಂದು ನೋಡಿದರೆ, ಅವರ ಪಾಲಿನ ನೇಗಿಲನ್ನು ದೇವದೂತರು ಹೊಡೆಯುತ್ತಿದ್ದರಂತೆ! ಚಿತ್ರಗಳಲ್ಲಿ ಅವರ ಜೊತೆ ಎತ್ತು, ನೇಗಿಲು ಕಾಣುವುದು ಇದರಿಂದಲೇ. 1622ರ ಮಾರ್ಚ್ 12ರಂದು ಸಂತಪದವಿ ಸಿಕ್ಕಿತು. ಗೋವಾದಲ್ಲಿ ಸೇವೆ ಮಾಡಿದ ಫ್ರಾನ್ಸಿಸ್ ಝೇವಿಯರ್‌ಗೂ ಅಂದೇ. ಇಸಿದೋರ್ ಹಬ್ಬ ಮೇ 15, ಕರ್ನಾಟಕದ ತಿಕೋಟಾ, ಬಬಲೇಶ್ವರದ ರೈತರು ಮುಂಗಾರಿಗೆ ಹೊಲ ಹದ ಮಾಡುವ ಹೊತ್ತು.

ಇಸಿದೋರ್ ತೀರಿಕೊಂಡ 12ನೇ ಶತಮಾನದಲ್ಲೇ, ಬಾಗೇವಾಡಿಯ ಬಸವಣ್ಣನವರ ಕಾಲದ ಶರಣ ಒಕ್ಕಲಿಗ ಮುದ್ದಣ್ಣ ಬೇಸಾಯವನ್ನೇ ಕಾಯಕವಾಗಿ ಹಿಡಿದರು. ಅವರ ವಚನಗಳ ಅಂಕಿತ: ಕಾಮಭೀಮ ಜೀವಧನದೊಡೆಯ. ಇಸಿದೋರ್ ಒಂದಕ್ಷರವನ್ನೂ ಬರೆದಿಡಲಿಲ್ಲ. ಮುದ್ದಣ್ಣನವರ ವಚನಗಳಲ್ಲಿ ಉಳುಮೆ, ಬಿತ್ತನೆಗಳೇ ಸಾಧನೆಯ ಮಾತಾದವು.